ಗಂಜಲದ ಘಾಟು, ಒಂದಕ್ಷರದ ತಿದ್ದುಪಡಿ

ಕೊಟ್ಟಿಗೆಯ ಒಡನಾಟ ಇದ್ದವರಿಗೆ ಇದು ಗೊತ್ತಿರುತ್ತದೆ. ಹಸು ಆಗಷ್ಟೇ ಬಿಟ್ಟ ಗಂಜಲಕ್ಕೆ ಹೇಳಿಕೊಳ್ಳುವಂಥ ಘಾಟೇನೂ ಇರುವುದಿಲ್ಲ. ಅದೇ ಗಂಜಲ ರಾತ್ರಿಯೆಲ್ಲ ಚಪ್ಪಡಿಯ ಸಂದಿಯಲ್ಲಿ ನಿಂತಿದ್ದರೆ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಅಡರಿ ಕಣ್ಣಲ್ಲಿ ನೀರು ತರಿಸುತ್ತದೆ. ಸಗಣಿ ಬಾಚುವ ಸರದಿ ನನ್ನದಾಗಿದ್ದ ದಿನಗಳಲ್ಲಿ ನಾನು ಉಸಿರು ಬಿಗಿಹಿಡಿದು ಒಳಗೆ ಓಡಿ, ಹಿಂಬಾಗಿಲು ತೆರೆದು, ಮತ್ತೆ ಹೊರಗೆ ಬಂದು ನಿಲ್ಲುತ್ತಿದ್ದೆ. ರಾತ್ರಿ ಇಲ್ಲದ ಘಾಟು ಬೆಳಗಾಗುವಷ್ಟರಲ್ಲಿ ಎಲ್ಲಿಂದ ಬಂತು ಎಂದು ಆಗ ಕೇಳಿಕೊಂಡಿರಲಿಲ್ಲ.

ಬಂದದ್ದು ಅಮೋನಿಯಾ. ಗಂಜಲದಲ್ಲಿರುವುದು ಯೂರಿಯಾ, ಅದಕ್ಕೆ ವಾಸನೆಯಿಲ್ಲ. ನೆಲದ ಮೇಲಿನ ಬ್ಯಾಕ್ಟೀರಿಯಾಗಳ ಬಳಿ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಗದ್ದೆಗೆ ಯೂರಿಯಾ ಎರಚಿ ನೀರು ಹಾಯಿಸದೆ ಬಿಟ್ಟರೆ ಗೊಬ್ಬರ ಗಾಳಿಪಾಲಾಗುತ್ತದೆ ಎಂದು ರೈತರು ಹೇಳುವುದೂ ಇದೇ ಕಿಣ್ವದ ಕೆಲಸವನ್ನು. ಕಿಣ್ವವೇ ಇಲ್ಲದ ಶುದ್ಧ ನೀರಿನಲ್ಲಿ, ನಮ್ಮ ಕೋಣೆಯ ಉಷ್ಣತೆಯಲ್ಲಿ, ಯೂರಿಯಾ ತನ್ನಷ್ಟಕ್ಕೆ ಅರ್ಧದಷ್ಟು ಒಡೆಯಲು ದಶಕಗಳೇ ಬೇಕು. ಯೂರಿಯೇಸ್ ಸಿಕ್ಕರೆ ಅದರ ವೇಗ ಸುಮಾರು ನೂರು ಲಕ್ಷ ಕೋಟಿ ಪಟ್ಟು ಹೆಚ್ಚುತ್ತದೆ.

ನಮ್ಮ ಲಿವರಿನಲ್ಲಿ ಹಗಲೂ ರಾತ್ರಿ ನಡೆಯುವುದು ಕೊಟ್ಟಿಗೆಯಲ್ಲಿ ಆಗುವುದರ ತಿರುವುಮುರುವು. ತಿಂದ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಕರಗಿದಾಗ ಅಮೋನಿಯಾ ಹುಟ್ಟುತ್ತದೆ. ಅದು ಮಿದುಳಿಗೆ ವಿಷ. ಲಿವರ್ ಅದನ್ನು ನಿರುಪದ್ರವಿ ಯೂರಿಯಾ ಮಾಡಿ ಮೂತ್ರಪಿಂಡಕ್ಕೆ ದಾಟಿಸುತ್ತದೆ. ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ 1932ರಲ್ಲಿ ಬಿಡಿಸಿ ತೋರಿಸಿದ ಈ 'ಯೂರಿಯಾ ಚಕ್ರ'ದ ಮೊದಲ ಹೆಜ್ಜೆಯನ್ನು ಇಡುವ ಕಿಣ್ವದ ಹೆಸರು ಬಾಯಿ ತುಂಬ ಇದೆ: ಕಾರ್ಬಮೈಲ್ ಫಾಸ್ಫೇಟ್ ಸಿಂಥೆಟೇಸ್ ಒಂದು. ಚಿಕ್ಕದಾಗಿ ಸಿಪಿಎಸ್-1. 2024ರ ಆಗಸ್ಟ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಒಂದು ಗಂಡುಮಗುವಿನಲ್ಲಿ ಈ ಕಿಣ್ವ ಇರಲಿಲ್ಲ. ಅದರ ಕತೆಯನ್ನು 2025ರ ಮೇ ತಿಂಗಳಿಂದೀಚೆಗೆ ಜಗತ್ತಿನ ವೈದ್ಯಲೋಕ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದೆ. 'ವಂಶವಾಹಿ ಚಿಕಿತ್ಸೆಯ ಪವಾಡ' ಎಂದು ನಮ್ಮ ಸುದ್ದಿವಾಹಿನಿಗಳೂ ಹೇಳಿ ಮುಗಿಸಿದವು. ಪವಾಡ ಎಂದುಬಿಟ್ಟರೆ ಮುಂದೆ ಅರ್ಥಮಾಡಿಕೊಳ್ಳುವ ತಾಪತ್ರಯ ಇರುವುದಿಲ್ಲ. ಆದರೆ ಕಿಣ್ವ ಹೇಗೆ ದುಡಿಯುತ್ತದೆ, ಅದನ್ನು ಕಟ್ಟುವ ಮಾಹಿತಿ ಜೀವಕೋಶದಲ್ಲಿ ಹೇಗೆ ಹರಿಯುತ್ತದೆ ಎಂಬ ಎರಡು ಪಾಠಗಳನ್ನು ಒಟ್ಟಿಗೆ ಕಲಿಯಲು ಈ ಮಗುವಿನ ಕತೆಗಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಏನು ಕೊರತೆಯಿದೆ ಎಂಬುದೂ ಅದರಲ್ಲೇ ಕಾಣುತ್ತದೆ.

ಮೊದಲು ಕಿಣ್ವ. ಶಾಲೆಯಲ್ಲಿ ಬೀಗ ಮತ್ತು ಕೀಲಿಕೈಯ ಹೋಲಿಕೆ ಹೇಳಿಕೊಟ್ಟಿರುತ್ತಾರೆ. 1894ರಲ್ಲಿ ಎಮಿಲ್ ಫಿಷರ್ ಕೊಟ್ಟದ್ದು ಅದು. ಯಾವ ಕಿಣ್ವ ಯಾವ ವಸ್ತುವನ್ನು ಹಿಡಿಯುತ್ತದೆ ಎಂಬುದನ್ನು ಅದು ಚೆನ್ನಾಗಿಯೇ ವಿವರಿಸುತ್ತದೆ. ಹಿಡಿದ ಮೇಲೆ ವೇಗ ಯಾಕೆ ಹೆಚ್ಚಬೇಕು ಎಂಬುದನ್ನು ವಿವರಿಸುವುದಿಲ್ಲ. ಅದಕ್ಕೆ ನಾನು ಸಕಲೇಶಪುರದ ಘಾಟಿಯನ್ನು ನೆನೆಯುತ್ತೇನೆ. ಮೇಲಿರುವ ಸಕಲೇಶಪುರದಿಂದ ಕೆಳಗಿರುವ ಸುಬ್ರಹ್ಮಣ್ಯಕ್ಕೆ ಹೋಗುವುದೆಂದರೆ ಒಟ್ಟಿನಲ್ಲಿ ಇಳಿಜಾರೇ. ಆದರೂ ನಡುವೆ ಗುಡ್ಡಗಳು ಅಡ್ಡ ನಿಂತಿವೆ. ರೈಲು ಆ ಗುಡ್ಡಗಳನ್ನು ಹತ್ತಿ ಇಳಿಯುವುದಿಲ್ಲ, 57 ಸುರಂಗಗಳಲ್ಲಿ ನುಸುಳಿ ಹೋಗುತ್ತದೆ. ಹೊರಟ ಊರೂ ಅದೇ, ಸೇರುವ ಊರೂ ಅದೇ, ತಪ್ಪಿದ್ದು ನಡುವಿನ ಏರು ಮಾತ್ರ. ರಾಸಾಯನಿಕ ಕ್ರಿಯೆಯಲ್ಲೂ ಹಳೆಯ ಬಂಧ ಸಡಿಲಾಗಿ ಹೊಸ ಬಂಧ ಕೂಡುವ ಮುನ್ನ ಒಂದು ಏರುಸ್ಥಿತಿ ಬರುತ್ತದೆ. ಕಿಣ್ವ ಆ ಸ್ಥಿತಿಯಲ್ಲಿ ಅಣುವನ್ನು ಆತು ಹಿಡಿಯುತ್ತದೆ, ಏರಿನ ಎತ್ತರ ತಗ್ಗುತ್ತದೆ. ಹಿಡಿಯುವಾಗ ಕಿಣ್ವವೂ ಕೊಂಚ ಬಾಗುತ್ತದೆ ಎಂದು 1958ರಲ್ಲಿ ಡೇನಿಯಲ್ ಕೋಶ್ಲ್ಯಾಂಡ್ ತಿದ್ದಿ ಹೇಳಿದರು. ಆದ್ದರಿಂದ ಕೀಲಿಕೈಯ ಬದಲು ಕೈಗವಸು ಎನ್ನುವುದೇ ವಾಸಿ.

ಕೆಲಸ ಮುಗಿದ ಮೇಲೆ ಕಿಣ್ವ ಎಂದಿನಂತೆ ಉಳಿದು ಇನ್ನೊಂದು ಅಣುವಿಗೆ ಕೈ ಚಾಚುತ್ತದೆ. ಸವೆಯುವುದಿಲ್ಲ, ಖರ್ಚಾಗುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಕಿಣ್ವವೆಂದರೆ ಪ್ರೋಟೀನ್ ಎಂದು ಇಂದು ಸಲೀಸಾಗಿ ಬರೆಯುತ್ತೇವೆ. ಅದನ್ನು ಸಾಧಿಸಿ ತೋರಿಸಲು ಒಬ್ಬ ಮನುಷ್ಯನಿಗೆ ಒಂಬತ್ತು ವರ್ಷ ಹಿಡಿಯಿತು, ಸಾಧಿಸಿದ್ದು ಇದೇ ಯೂರಿಯೇಸಿನ ಮೂಲಕ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ 1926ರಲ್ಲಿ ಒಂದು ಜಾತಿಯ ಅವರೆಕಾಳಿನ ಹಿಟ್ಟಿನಿಂದ ಯೂರಿಯೇಸನ್ನು ಹರಳುಗಟ್ಟಿಸಿದರು. ಹರಳನ್ನು ಪರೀಕ್ಷಿಸಿದರೆ ಅದು ಪ್ರೋಟೀನ್. ಸಮ್ನರ್ ಎಡಚರು, ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅವಘಡದಲ್ಲಿ ಎಡಗೈಯನ್ನೇ ಕಳೆದುಕೊಂಡಿದ್ದರು. ಒಂದೇ ಕೈಯಲ್ಲಿ ಗಾಜಿನ ಸಾಮಾನು ಹಿಡಿದು ಮಾಡಿದ ಕೆಲಸ ಅದು. ಜರ್ಮನಿಯ ಅಂದಿನ ಘಟಾನುಘಟಿ ರಿಚರ್ಡ್ ವಿಲ್‌ಸ್ಟೆಟರ್ ಅವರ ಬಳಗ ಇದನ್ನು ಒಪ್ಪಲಿಲ್ಲ. ಪ್ರೋಟೀನ್ ಬರೀ ಹೊರೆ ಹೊರುವ ಕತ್ತೆ, ನಿಜವಾದ ಕಿಣ್ವ ಅದರ ಬೆನ್ನ ಮೇಲೆ ಕೂತ ಬೇರೆ ಯಾವುದೋ ವಸ್ತು ಎಂಬಂಥ ವಾದ ಅವರದು. ಸಮ್ನರ್‌ಗೆ ನೊಬೆಲ್ ಬಂದದ್ದು 1946ರಲ್ಲಿ. ತಮಾಷೆಯೆಂದರೆ ವಿಲ್‌ಸ್ಟೆಟರ್ ಪಕ್ಷದಲ್ಲೂ ಒಂದು ಎಳೆ ಸತ್ಯವಿತ್ತು. ಯೂರಿಯೇಸಿನ ಒಡಲಲ್ಲಿ ನಿಕ್ಕಲ್ ಲೋಹ ಕೂತಿದೆ, ಅದಿಲ್ಲದೆ ಕೆಲಸ ನಡೆಯದು ಎಂದು 1975ರಲ್ಲಿ ತಿಳಿಯಿತು.

ಇನ್ನು ಸಿಪಿಎಸ್-1. ಲಿವರಿನ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಕೋಣೆಗಳಿವೆಯಲ್ಲ, ಅವುಗಳ ಒಳಗಿನ ಪ್ರೋಟೀನಿನಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಪಾಲು ಇದೊಂದೇ ಕಿಣ್ವ. ಅಷ್ಟು ರಾಶಿ ಬೇಕಾಗುವುದು ಇದು ಯೂರಿಯೇಸಿನಂತೆ ಚುರುಕಲ್ಲದ ಕಾರಣ. ಒಂದು ಅಮೋನಿಯಾ, ಒಂದು ಬೈಕಾರ್ಬನೇಟ್ ತೆಗೆದುಕೊಂಡು, ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಎರಡನ್ನು ವೆಚ್ಚ ಮಾಡಿ, ಮೂರು ಹಂತಗಳಲ್ಲಿ ಕಾರ್ಬಮೈಲ್ ಫಾಸ್ಫೇಟ್ ಕಟ್ಟುತ್ತದೆ. ನಡುವಿನ ಹಂತಗಳಲ್ಲಿ ಹುಟ್ಟುವ ವಸ್ತುಗಳು ಎಷ್ಟು ನಾಜೂಕೆಂದರೆ ನೀರಿಗೆ ಬಿದ್ದರೆ ಕ್ಷಣದಲ್ಲಿ ಚೂರಾಗುತ್ತವೆ. ಅದಕ್ಕಾಗಿ ಕಿಣ್ವದ ಒಳಗೇ ಒಂದು ಸುರಂಗವಿದೆ. ಒಂದು ತುದಿಯಲ್ಲಿ ಅರೆಬರೆ ತಯಾರಾದ ಅಣು ಹೊರಗಿನ ನೀರಿಗೆ ಸೋಕದೆ ಸುರಂಗದಲ್ಲೇ ಸಾಗಿ ಇನ್ನೊಂದು ತುದಿಯಲ್ಲಿ ಪೂರ್ಣಗೊಳ್ಳುತ್ತದೆ. ಘಾಟಿಯ ಸುರಂಗ ನಾನು ಹೋಲಿಕೆಗಾಗಿ ತಂದದ್ದು, ಇದು ಹೋಲಿಕೆಯಲ್ಲ.

ಇಷ್ಟು ಜಾಣ ಯಂತ್ರವನ್ನು ಕಟ್ಟುವ ಬರಹ ನಮ್ಮ ಎರಡನೆಯ ವರ್ಣತಂತುವಿನ ಡಿಎನ್‌ಎಯಲ್ಲಿದೆ. ಬರಹಕ್ಕಿರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಅದನ್ನು ಓದುವ ಕ್ರಮ ಹಳಗನ್ನಡ ಕಲಿತವರಿಗೆ ಹೊಸದೆನಿಸಬಾರದು. ವೃತ್ತಕ್ಕೆ ಪ್ರಸ್ತಾರ ಹಾಕುವಾಗ ಮೂರು ಮೂರು ಅಕ್ಷರಕ್ಕೊಂದು ಗೆರೆ ಎಳೆದು ಗಣ ವಿಂಗಡಿಸುತ್ತಿದ್ದೆವು. ಲಘು, ಗುರು ಎರಡೇ ಇದ್ದುದರಿಂದ ಮೂರರ ಕಟ್ಟಿನಲ್ಲಿ ಎಂಟು ಗಣ, ಯಮಾತಾರಾಜಭಾನಸಲಗಂ. ಇಲ್ಲಿ ಅಕ್ಷರ ನಾಲ್ಕು, ಹಾಗಾಗಿ ಮೂರರ ಕಟ್ಟಿನಲ್ಲಿ ಗಣಗಳು ಅರವತ್ತನಾಲ್ಕು. ಅರವತ್ತೊಂದು ಗಣಗಳು ಪ್ರೋಟೀನ್ ಸರದ ಮಣಿಗಳಾದ ಇಪ್ಪತ್ತು ಅಮಿನೋ ಆಮ್ಲಗಳಲ್ಲಿ ಯಾವುದಾದರೊಂದನ್ನು ಹೆಸರಿಸುತ್ತವೆ, ಉಳಿದ ಮೂರು 'ಇಲ್ಲಿಗೆ ನಿಲ್ಲಿಸು' ಎನ್ನುತ್ತವೆ. ಮೊದಲ ಗಣವನ್ನು 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮತ್ತೈ ಓದಿದರು. ಈಗ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಅಕ್ಷರಗಳನ್ನು ಬೇಕಾದ ಕ್ರಮದಲ್ಲಿ ಪೋಣಿಸಿ ಪಟ್ಟಿಯನ್ನು ಪೂರ್ತಿಗೊಳಿಸಲು ನೆರವಾದರು. 1968ರ ನೊಬೆಲ್ ನಿರೆನ್‌ಬರ್ಗ್, ಖೊರಾನಾ, ರಾಬರ್ಟ್ ಹೋಲಿ ಮೂವರಿಗೂ ಬಂತು.

ಸಿಪಿಎಸ್-1ರಲ್ಲಿ 1,500 ಅಮಿನೋ ಆಮ್ಲಗಳಿವೆ, ಎಂದರೆ 1,500 ಗಣ, 4,500 ಅಕ್ಷರ. ಫಿಲಡೆಲ್ಫಿಯಾದ ಮಗುವಿಗೆ ತಂದೆಯಿಂದ ಬಂದ ಪ್ರತಿಯಲ್ಲಿ 335ನೇ ಗಣದ ಮೊದಲ ಅಕ್ಷರ ಸಿ ಆಗಿರಬೇಕಿತ್ತು, ಟಿ ಆಗಿತ್ತು. ಗ್ಲುಟಮಿನ್ ಎಂಬ ಅಮಿನೋ ಆಮ್ಲವನ್ನು ಕರೆಯಬೇಕಾಗಿದ್ದ ಗಣ ಪೂರ್ಣವಿರಾಮವಾಗಿಬಿಟ್ಟಿತು. ತಾಯಿಯಿಂದ ಬಂದ ಪ್ರತಿಯಲ್ಲಿ 714ನೇ ಗಣದಲ್ಲಿ ಇನ್ನೊಂದು ಅಂಥದ್ದೇ ಪೂರ್ಣವಿರಾಮ. ತಂದೆಗೂ ತಾಯಿಗೂ ತಲಾ ಒಂದು ಒಳ್ಳೆಯ ಪ್ರತಿ ಇತ್ತು, ಅವರಿಗೆ ಏನೂ ಆಗಿರಲಿಲ್ಲ. ಮಗುವಿಗೆ ಎರಡು ಕಡೆಯಿಂದಲೂ ಕೆಟ್ಟ ಪ್ರತಿಯೇ ಬಂತು. ಕಿಣ್ವದ ಕಾಲುಭಾಗ ಕಟ್ಟುವಷ್ಟರಲ್ಲಿ ಒಂದು ಪ್ರತಿ ಕೈಚೆಲ್ಲಿದರೆ, ಅರ್ಧಕ್ಕೆ ಇನ್ನೊಂದು. ಹುಟ್ಟಿದ ಎರಡನೇ ದಿನಕ್ಕೇ ಮಗು ಮಂಕಾಯಿತು, ಹಾಲು ಬಿಟ್ಟಿತು. ನವಜಾತ ಶಿಶುವಿನ ರಕ್ತದಲ್ಲಿ ಅಮೋನಿಯಾ ಲೀಟರಿಗೆ ನೂರು ಮೈಕ್ರೋಮೋಲ್ ದಾಟಿದರೇ ವೈದ್ಯರು ಎಚ್ಚರಗೊಳ್ಳುತ್ತಾರೆ. ಈ ಮಗುವಿನಲ್ಲಿ ಅದು ಸಾವಿರ ದಾಟಿತ್ತು.

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್: ಪಠ್ಯಪುಸ್ತಕದಲ್ಲಿ ಎರಡು ಬಾಣದ ಗುರುತು ಹಾಕಿ ಇದನ್ನು ಮುಗಿಸುತ್ತಾರೆ. ನೋಡಿದವರಿಗೆ ಮಾಹಿತಿ ತಾನಾಗಿಯೇ ಕಾಲುವೆಯಲ್ಲಿ ನೀರು ಹರಿದಂತೆ ಹರಿಯುತ್ತದೆ ಅನ್ನಿಸುತ್ತದೆ. ಹಾಗೇನಿಲ್ಲ. ಬಾಣದ ಪ್ರತಿ ಗೆರೆಯ ಮೇಲೂ ಕಿಣ್ವಗಳು ಕೂತು ದುಡಿಯುತ್ತಿವೆ. ಡಿಎನ್‌ಎಯ ಜಡೆ ಬಿಚ್ಚಿ ಒಂದು ತುಣುಕಿನ ನಕಲು ತೆಗೆಯುವುದು ಆರ್‌ಎನ್‌ಎ ಪಾಲಿಮರೇಸ್. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ. ಮೂಲ ದಸ್ತಾವೇಜು ದಫ್ತರಖಾನೆಯಲ್ಲೇ ಉಳಿದು, ಬೇಕಾದ ಪುಟದ ನಕಲು ಮಾತ್ರ ಹೊರಗೆ ಹೋಗುವ ಹಾಗೆ. ನಕಲನ್ನು ಗಣ ಗಣವಾಗಿ ಓದಿ ಪ್ರೋಟೀನ್ ಹೆಣೆಯುವುದು ರೈಬೋಸೋಮ್. ಇದರ ರಚನೆಯನ್ನು ಬಿಡಿಸಿದ್ದಕ್ಕೆ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಸೇರಿ ಮೂವರಿಗೆ 2009ರ ನೊಬೆಲ್ ಸಂದಿತು.

ಆದರೆ ಗಣವನ್ನೂ ಅಮಿನೋ ಆಮ್ಲವನ್ನೂ ನಿಜಕ್ಕೂ ಬೆಸೆಯುವವರು ಯಾರು? ಯಾವ ಗಣಕ್ಕೆ ಯಾವ ಆಮ್ಲ ಎಂಬುದು ಡಿಎನ್‌ಎಗೂ ಗೊತ್ತಿಲ್ಲ, ರೈಬೋಸೋಮಿಗೂ ಗೊತ್ತಿಲ್ಲ. ಅದು ಗೊತ್ತಿರುವುದು ಇಪ್ಪತ್ತು ಬಗೆಯ ಕಿಣ್ವಗಳ ಒಂದು ತಂಡಕ್ಕೆ. ಅವು ತಕ್ಕ ಆಮ್ಲವನ್ನು ತಕ್ಕ ಸಾಗಣೆ ಆರ್‌ಎನ್‌ಎಯ ಬೆನ್ನಿಗೆ ಕಟ್ಟುತ್ತವೆ. ವಂಶಸಂಕೇತದ ನಿಘಂಟು ಇರುವುದು ಡಿಎನ್‌ಎಯಲ್ಲಿ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಘಂಟು ಇರುವುದು ಈ ಕಿಣ್ವಗಳ ಕೈಯಲ್ಲಿ. ಈ ಕಿಣ್ವಗಳನ್ನು ಕಟ್ಟುವ ಬರಹ ಮಾತ್ರ ಮತ್ತೆ ಡಿಎನ್‌ಎಯಲ್ಲೇ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ತಕರಾರಿಗೆ ರೈಬೋಸೋಮಿನೊಳಗೆ ಒಂದು ಸುಳಿವು ಸಿಕ್ಕಿದೆ. ಅಲ್ಲಿ ಆಮ್ಲಗಳನ್ನು ಬೆಸೆಯುವ ಜಾಗದಲ್ಲಿ ಇರುವುದು ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಬರಹವೂ ತಾನೇ, ಕೆಲಸಗಾರನೂ ತಾನೇ ಆಗಬಲ್ಲ ಅಣು ಅದು. ಸಮ್ನರ್ ಗೆದ್ದ ವಾದಕ್ಕೂ ಹೀಗೆ ಒಂದು ಅಪವಾದ ಹುಟ್ಟಿತು.

ಮಾಹಿತಿ ಹಿಂದಕ್ಕೆ ಹರಿಯುವುದೇ ಇಲ್ಲ ಎಂಬ ಮಾತಿಗೂ ಸ್ವಲ್ಪ ತಿದ್ದುಪಡಿ ಬೇಕು. ಡಿಎನ್‌ಎಯ ಜಡೆಯ ರಚನೆ ಬಿಡಿಸಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1957ರ ಉಪನ್ಯಾಸದಲ್ಲಿ ಹೇಳಿದ್ದರ ತಿರುಳು ಇಷ್ಟು: ಪ್ರೋಟೀನಿಗೆ ಇಳಿದ ಮಾಹಿತಿ ಅಲ್ಲಿಂದ ವಾಪಸು ಬರುವುದಿಲ್ಲ. ಆರ್‌ಎನ್‌ಎಯಿಂದ ಡಿಎನ್‌ಎಗೆ ಹೋಗಬಾರದೆಂದು ಅವರು ಹೇಳಿರಲಿಲ್ಲ. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಹಾಗೆ ಹಿಂದಕ್ಕೆ ಬರೆಯುವ ಕಿಣ್ವವನ್ನು ವೈರಸ್ಸುಗಳಲ್ಲಿ ಪತ್ತೆಹಚ್ಚಿದರು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಆರ್‌ಟಿ-ಪಿಸಿಆರ್ ವರದಿಗೆ ಕಾದವರೆಲ್ಲ ಆ ಕಿಣ್ವದ ಋಣದಲ್ಲಿದ್ದಾರೆ. 'ಆರ್‌ಟಿ' ಅಂದರೆ ಅದೇ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್.

ಮತ್ತೆ ಮಗುವಿನ ಹಾಸಿಗೆಯ ಬಳಿಗೆ. ಅಲ್ಲಿಯ ತನಕ ಇಂಥ ಮಕ್ಕಳಿಗೆ ಇದ್ದ ದಾರಿಗಳು ಕೆಲವೇ. ರಕ್ತಶುದ್ಧಿ ಮಾಡಿ ಅಮೋನಿಯಾ ಇಳಿಸುವುದು, ಪ್ರೋಟೀನನ್ನು ಗ್ರಾಂ ಲೆಕ್ಕದಲ್ಲಿ ಅಳೆದು ಉಣಿಸುವುದು, ಸಾರಜನಕವನ್ನು ಬೇರೆ ಹಾದಿಯಲ್ಲಿ ಹೊರಹಾಕುವ ಔಷಧ ಕೊಡುವುದು, ಮಗು ಅಷ್ಟು ದಿನ ಉಳಿದರೆ ಲಿವರ್ ಕಸಿ. ತೀವ್ರ ರೂಪದ ಈ ಕಾಯಿಲೆಯಲ್ಲಿ ಸುಮಾರು ಅರ್ಧದಷ್ಟು ಶಿಶುಗಳು ಉಳಿಯುತ್ತಿರಲಿಲ್ಲ. ಇವೆಲ್ಲವೂ ಕಿಣ್ವ ಮಾಡಬೇಕಿದ್ದ ಕೆಲಸವನ್ನು ಹೊರಗಿನಿಂದ ಹೇಗೋ ಸರಿದೂಗಿಸುವ ಪಾಡು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಿರಣ್ ಮುಸುನೂರು ಬರಹಕ್ಕೇ ಕೈಹಾಕಿದರು.

ಅವರು ಬಳಸಿದ ತಿದ್ದುಗಾರನೂ ಒಂದು ಕಿಣ್ವವೇ, ಅದೂ ಪ್ರಕೃತಿಯಲ್ಲಿ ಇರದಿದ್ದ ಕಿಣ್ವ. ಡಿಎನ್‌ಎಯ ಎ ಅಕ್ಷರವನ್ನು ಜಿ ಎಂದು ಓದುವಂತೆ ಮಾರ್ಪಡಿಸುವ ಕಿಣ್ವ ಬೇಕಿತ್ತು. ಸಾಗಣೆ ಆರ್‌ಎನ್‌ಎಯ ಮೇಲೆ ಅಂಥ ಕೆಲಸ ಮಾಡುವ ಒಂದು ಕಿಣ್ವ ಬ್ಯಾಕ್ಟೀರಿಯಾದಲ್ಲಿತ್ತು, ಡಿಎನ್‌ಎಯನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಲಿಯು ಅವರ ಪ್ರಯೋಗಾಲಯದವರು ಬ್ಯಾಕ್ಟೀರಿಯಾಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿದರು: ಡಿಎನ್‌ಎಯಲ್ಲಿ ಎ ಅನ್ನು ತಿದ್ದಬಲ್ಲ ಕಿಣ್ವ ಇದ್ದರಷ್ಟೇ ಆಂಟಿಬಯಾಟಿಕ್ ತಡೆದು ಬದುಕು, ಇಲ್ಲದಿದ್ದರೆ ಸಾವು. ಹಲವು ಸುತ್ತು ಹೀಗೆ ಸೋಸಿದ ಮೇಲೆ ಹಳೆಯ ಕಿಣ್ವ ಹೊಸ ಕಸುಬು ಕಲಿಯಿತು. ಇದು 2017ರ ಮಾತು. ಇದನ್ನು ಕ್ರಿಸ್ಪರ್ ಎಂಬ ತಂತ್ರದಲ್ಲಿ ಡಿಎನ್‌ಎ ಕತ್ತರಿಸುವ ಕ್ಯಾಸ್-9 ಕಿಣ್ವಕ್ಕೆ ಜೋಡಿಸಿದರು. ಕ್ಯಾಸ್-9 ಎರಡೂ ಎಳೆ ಕತ್ತರಿಸದಂತೆ ಅದರ ಒಂದು ಅಲಗನ್ನು ಮೊಂಡು ಮಾಡಲಾಗಿತ್ತು. ಒಂದು ಮಾರ್ಗದರ್ಶಿ ಆರ್‌ಎನ್‌ಎ ಹಿಡಿದು ಮುನ್ನೂರು ಕೋಟಿ ಅಕ್ಷರಗಳ ನಡುವೆ ಬೇಕಾದ ಸಾಲನ್ನು ಹುಡುಕಿ ನಿಲ್ಲುವುದು ಅದರ ಪಾಲಿನ ಕೆಲಸ.

ಮಗುವಿಗೆ ಬೇಕಿದ್ದದ್ದು ಟಿಯನ್ನು ಮರಳಿ ಸಿ ಮಾಡುವುದು, ಕಿಣ್ವಕ್ಕೆ ಗೊತ್ತಿದ್ದದ್ದು ಎಯನ್ನು ಜಿ ಮಾಡುವುದು. ಡಿಎನ್‌ಎ ಎರಡು ಎಳೆಯ ಜಡೆಯಾದ್ದರಿಂದ ಇದು ತೊಡಕಾಗಲಿಲ್ಲ. ಒಂದು ಎಳೆಯಲ್ಲಿ ಟಿ ಇದ್ದರೆ ಎದುರು ಎಳೆಯಲ್ಲಿ ಎ ಇರಲೇಬೇಕು. ಎದುರಿನ ಎಯನ್ನು ತಿದ್ದಿ, ಈಚೆಯ ಎಳೆಗೆ ಒಂದು ಸಣ್ಣ ಗೀರು ಹಾಕಿದರೆ ಸಾಕು. ಗೀರು ಕಂಡ ಜೀವಕೋಶದ ರಿಪೇರಿ ಕಿಣ್ವಗಳು ತಿದ್ದಿದ ಎಳೆಯನ್ನೇ ಮಾದರಿಯಾಗಿಟ್ಟುಕೊಂಡು ಇತ್ತ ಟಿಯ ಜಾಗದಲ್ಲಿ ಸಿ ಕೂರಿಸುತ್ತವೆ. ತಪ್ಪು ತಿದ್ದುವ ಕೊನೆಯ ಕೆಲಸವನ್ನು ಮಗುವಿನ ಜೀವಕೋಶವೇ ಮಾಡಿತು.

ಈ ತಿದ್ದುಗಾರನನ್ನು ಕಿಣ್ವದ ರೂಪದಲ್ಲಿ ಚುಚ್ಚಲಿಲ್ಲ ಎಂಬುದು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ವಿವರ. ಸಂದೇಶವಾಹಕ ಆರ್‌ಎನ್‌ಎಯನ್ನು ಮಾರ್ಗದರ್ಶಿ ಆರ್‌ಎನ್‌ಎಯ ಜೊತೆಗೆ ಕೊಬ್ಬಿನ ಅತಿಸೂಕ್ಷ್ಮ ಹನಿಗಳಲ್ಲಿ ಸುತ್ತಿ ರಕ್ತಕ್ಕೆ ಬಿಟ್ಟರು. ರಕ್ತಕ್ಕೆ ಬಿದ್ದ ಇಂಥ ಹನಿಗಳು ಹೆಚ್ಚಾಗಿ ಸೇರುವುದು ಲಿವರನ್ನೇ. ಅಲ್ಲಿನ ರೈಬೋಸೋಮ್‌ಗಳು ಇದು ಎಲ್ಲಿಂದ ಬಂದ ಸಂದೇಶವೆಂದು ವಿಚಾರಿಸದೆ ಓದಿ, ತಿದ್ದುವ ಕಿಣ್ವವನ್ನು ತಾವೇ ಕಟ್ಟಿಕೊಂಡವು. ಆ ಕಿಣ್ವ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯನ್ನು ತಿದ್ದಿತು. ತಿದ್ದಿದ ಡಿಎನ್‌ಎಯಿಂದ ಹೊಸ ನಕಲು, ನಕಲಿನಿಂದ ಪೂರ್ಣ ಉದ್ದದ ಸಿಪಿಎಸ್-1. ಹೊರಗಿನಿಂದ ಬಂದ ಆರ್‌ಎನ್‌ಎ ಅಷ್ಟರಲ್ಲಿ ಕರಗಿ ಹೋಗಿರುತ್ತದೆ, ತಿದ್ದುಪಡಿ ಉಳಿಯುತ್ತದೆ. ಇಷ್ಟಾದರೂ ಕ್ರಿಕ್ ಹೇಳಿದ ನಿಯಮ ಎಲ್ಲೂ ಮುರಿದಿಲ್ಲ. ಪ್ರೋಟೀನ್ ಡಿಎನ್‌ಎಗೆ ಮಾಹಿತಿ ಕೊಡಲಿಲ್ಲ, ಬಂದು ಕೆಲಸ ಮಾಡಿ ಹೋಯಿತು. ಎಲ್ಲಿ ತಿದ್ದಬೇಕೆಂಬ ಮಾಹಿತಿ ಇದ್ದದ್ದು ಮಾರ್ಗದರ್ಶಿ ಆರ್‌ಎನ್‌ಎಯಲ್ಲೇ.

ರೋಗ ಪತ್ತೆಯಾದಲ್ಲಿಂದ ಔಷಧ ಸಿದ್ಧವಾಗಲು ಸುಮಾರು ಆರು ತಿಂಗಳು. ಅರ್ಜಿ ಬಂದ ಒಂದು ವಾರದಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. 2025ರ ಫೆಬ್ರುವರಿ ಕೊನೆಯಲ್ಲಿ ಮೊದಲ ಡೋಸ್, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಇನ್ನೆರಡು. ಮಗು ಹೆಚ್ಚು ಪ್ರೋಟೀನ್ ಅರಗಿಸಿಕೊಳ್ಳತೊಡಗಿತು, ಸಾರಜನಕ ಹೊರಹಾಕುವ ಔಷಧದ ಪ್ರಮಾಣ ಅರ್ಧಕ್ಕಿಳಿಯಿತು, ನೆಗಡಿ ಜ್ವರ ಬಂದಾಗಲೂ ಅಮೋನಿಯಾ ಮೊದಲಿನಂತೆ ಹುಚ್ಚೆದ್ದು ಏರಲಿಲ್ಲ. ಲಿವರಿನ ಚೂರು ತೆಗೆದು ನೋಡುವುದು ಅಪಾಯವೆಂದು ಬಿಟ್ಟದ್ದರಿಂದ ಎಷ್ಟು ಜೀವಕೋಶಗಳು ತಿದ್ದಿಕೊಂಡವು ಎಂಬ ಲೆಕ್ಕ ಇಲ್ಲ. ವೈದ್ಯರು 'ವಾಸಿಯಾಯಿತು' ಎಂಬ ಪದ ಬಳಸದೆ ಎಚ್ಚರಿಕೆಯಿಂದ ಮಾತಾಡಿದರು. ಪವಾಡ ಎಂದವರು ಬೇರೆಯವರು.

ಎಲ್ಲ ಜೀವಕೋಶಗಳನ್ನೂ ತಿದ್ದದೆ ಇದು ಫಲ ಕೊಟ್ಟದ್ದು ಯಾಕೆ? ನೆನಪಿಟ್ಟುಕೊಳ್ಳಿ ಎಂದೆನಲ್ಲ, ಕಿಣ್ವ ಖರ್ಚಾಗುವುದಿಲ್ಲ. ತಿದ್ದಿದ ಜೀವಕೋಶದ ಒಂದೊಂದು ಕಿಣ್ವವೂ ಮತ್ತೆ ಮತ್ತೆ ದುಡಿಯುತ್ತದೆ. ಅಮೋನಿಯಾ ರಕ್ತದಲ್ಲಿ ಸುತ್ತುತ್ತಲೇ ಇರುವುದರಿಂದ ತಿದ್ದಿದ ಕೆಲವು ಜೀವಕೋಶಗಳು ಇಡೀ ದೇಹದ ಪರವಾಗಿ ಅದನ್ನು ಹೀರಿ ಯೂರಿಯಾ ಮಾಡಬಲ್ಲವು. ಊರಿನ ಎಲ್ಲ ಮನೆಗಳಿಗೂ ಗಿರಣಿ ಬೇಡ, ಒಂದೆರಡಿದ್ದರೆ ಹಿಟ್ಟಿಗೆ ಕೊರತೆಯಿಲ್ಲ. ಸ್ನಾಯುವನ್ನೋ ಮಿದುಳನ್ನೋ ಕಟ್ಟುವ ಪ್ರೋಟೀನ್ ಕೆಟ್ಟಿದ್ದರೆ ಈ ಅನುಕೂಲ ಸಿಗುವುದಿಲ್ಲ, ಅಲ್ಲಿ ಪ್ರತಿ ಜೀವಕೋಶಕ್ಕೂ ತನ್ನದೇ ಬೇಕು. ದೇಹದೊಳಗೇ ಒಂದಕ್ಷರ ತಿದ್ದುವ ವಿದ್ಯೆ ಮೊದಲು ಲಿವರಿನಲ್ಲೇ ಕೈಗೂಡಿದ್ದು ಕಾಕತಾಳೀಯವಲ್ಲ. 'ಇನ್ನು ಎಲ್ಲ ವಂಶಪಾರಂಪರ್ಯ ಕಾಯಿಲೆಗಳಿಗೂ ಮದ್ದು' ಎಂಬ ಶೀರ್ಷಿಕೆಗಳನ್ನು ನಾನು ಅನುಮಾನದಿಂದ ನೋಡುವುದೂ ಇದಕ್ಕೇ.

ಒಂದೇ ಮಗುವಿಗಾಗಿ ಒಂದು ಔಷಧ ಎಂದರೆ ದುಡ್ಡಿನ ಮಾತು ಬರುತ್ತದೆ. ಫಿಲಡೆಲ್ಫಿಯಾದಲ್ಲಿ ಹಲವು ಕಂಪನಿಗಳು ತಮ್ಮ ಪಾಲಿನ ಸಾಮಗ್ರಿಯನ್ನೂ ದುಡಿಮೆಯನ್ನೂ ದೇಣಿಗೆಯಂತೆ ಕೊಟ್ಟವು, ಅದು ಪ್ರತಿ ಸಲವೂ ನಡೆಯುವುದಿಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕದ ನಿಯಂತ್ರಕರು ಇಂಥ ಚಿಕಿತ್ಸೆಗಳಿಗೆ ಒಂದು ಹೊಸ ದಾರಿಯ ರೂಪುರೇಷೆ ಪ್ರಕಟಿಸಿದರು. ಕೊಬ್ಬಿನ ಹನಿ ಅದೇ, ತಿದ್ದುವ ಕಿಣ್ವ ಅದೇ, ಬದಲಾಗುವುದು ಮಾರ್ಗದರ್ಶಿಯ ಕೆಲವು ಅಕ್ಷರಗಳಷ್ಟೇ ಆಗಿದ್ದರೆ ಪ್ರತಿ ಸಲ ಮೊದಲಿನಿಂದ ಪರೀಕ್ಷೆ ಬೇಕೇ ಎಂಬುದು ಅದರ ಹಿಂದಿನ ಪ್ರಶ್ನೆ.

ನಮ್ಮ ನೆಲದಲ್ಲಿ ಈ ಲೆಕ್ಕ ಬೇರೆಯೇ ಆಗುತ್ತದೆ. ಫಿಲಡೆಲ್ಫಿಯಾದ ತಂದೆ ತಾಯಿಯರಲ್ಲಿ ಎರಡು ಬೇರೆ ಬೇರೆ ತಪ್ಪುಗಳಿದ್ದವು, ಅವು ಸಂಧಿಸಿದ್ದು ಕೇವಲ ಆಕಸ್ಮಿಕ. ನಮ್ಮಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿದೆ. ಅದಿಲ್ಲದ ಕಡೆಯೂ ಶತಮಾನಗಳಿಂದ ಜಾತಿಯೊಳಗೇ ಮದುವೆ. ಒಬ್ಬ ಪೂರ್ವಜರಲ್ಲಿ ಬಿದ್ದ ಒಂದಕ್ಷರದ ತಪ್ಪು ನೂರಾರು ಮನೆಗಳಿಗೆ ಹಂಚಿಹೋಗಿರುತ್ತದೆ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ 81 ಗುಂಪುಗಳು ಹೀಗೆ ಸಣ್ಣ ಬೇರಿನಿಂದ ಬೆಳೆದ ಗುರುತನ್ನು ಫಿನ್ಲೆಂಡಿನ ಜನರಿಗಿಂತ, ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿ ತೋರಿದವು.

ಇದಕ್ಕೆ ದಕ್ಷಿಣದ ಅರಿವಳಿಕೆ ವೈದ್ಯರಿಗೆ ಚಿರಪರಿಚಿತವಾದ ನಿದರ್ಶನ ಇನ್ನೊಂದು ಕಿಣ್ವದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಗಂಟಲಿಗೆ ಕೊಳವೆ ಹಾಕಲು ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಡುತ್ತಾರೆ. ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದು ಮುಗಿಸುತ್ತದೆ. ಆ ಕಿಣ್ವದ ಎರಡೂ ಪ್ರತಿಗಳಲ್ಲಿ ತಪ್ಪಿದ್ದವರ ಸ್ನಾಯುಗಳು ಗಂಟೆಗಟ್ಟಲೆ ಎಚ್ಚರಗೊಳ್ಳುವುದಿಲ್ಲ, ಉಸಿರಾಟ ಯಂತ್ರದಲ್ಲೇ ಇಡಬೇಕಾಗುತ್ತದೆ. ಆಂಧ್ರ, ತೆಲಂಗಾಣ, ಕರ್ನಾಟಕಗಳ ವೈಶ್ಯ ಸಮುದಾಯದಲ್ಲಿ ಇದು ಬೇರೆಡೆಗಿಂತ ಎಷ್ಟೋ ಪಟ್ಟು ಹೆಚ್ಚು. ಇದು ಆ ಸಮುದಾಯದ ಕುಂದೇನಲ್ಲ. ಆ ಔಷಧ ಎದುರಾಗುವ ತನಕ ಅವರು ಎಲ್ಲರಂತೆ ಆರೋಗ್ಯವಂತರು, ಗೊತ್ತಿದ್ದರೆ ವೈದ್ಯರು ಬೇರೆ ಔಷಧ ಬಳಸುತ್ತಾರೆ. ಇಲ್ಲಿ ತಿದ್ದುವುದೇ ಬೇಕಿಲ್ಲ, ಓದಿಕೊಂಡರೆ ಸಾಕು. ತಿದ್ದಲೇಬೇಕಾದ ಕಾಯಿಲೆಗಳಲ್ಲಿ ಇದೇ ಸಂಗತಿ ಇನ್ನೊಂದು ರೀತಿಯಲ್ಲಿ ಒದಗಿಬರಬಹುದು. ಒಂದೇ ತಪ್ಪು ನೂರು ಮಕ್ಕಳಲ್ಲಿದ್ದರೆ ಒಂದೇ ಮಾರ್ಗದರ್ಶಿ ನೂರು ಮಕ್ಕಳಿಗೆ ಆಗುತ್ತದೆ. ಒಂದು ಮಗುವಿಗೊಂದು ಔಷಧ ಎಂಬ ದುಬಾರಿ ಲೆಕ್ಕ ನಮ್ಮಲ್ಲಿ ಹಾಗೆಯೇ ಉಳಿಯಬೇಕಿಲ್ಲ.

ತಿದ್ದುವ ವಿದ್ಯೆ ದೇಶದಲ್ಲಿ ಇಲ್ಲವೆಂದಲ್ಲ. ಕುಡಗೋಲು ಕಣ (ಸಿಕಲ್ ಸೆಲ್) ಕಾಯಿಲೆಗೆ ದೆಹಲಿಯ ಜೀನೋಮ್ ಸಂಶೋಧನಾ ಸಂಸ್ಥೆ ಐಜಿಐಬಿ ರೂಪಿಸಿದ 'ಬಿರ್ಸಾ 101' ಎಂಬ ಕ್ರಿಸ್ಪರ್ ಚಿಕಿತ್ಸೆಯನ್ನು 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದೆ. ಅಮೆರಿಕದಲ್ಲಿ ಇದೇ ಕಾಯಿಲೆಯ ಕ್ಯಾಸ್ಗೆವಿ ಚಿಕಿತ್ಸೆಗೆ 22 ಲಕ್ಷ ಡಾಲರ್. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅದರ ಒಂದು ಕೇಂದ್ರ.

ಆ ಕೇಂದ್ರಕ್ಕೆ ಮಗು ತಲುಪಬೇಕಲ್ಲ, ನನ್ನ ತಕರಾರು ಅಲ್ಲಿ. ಎರಡು ದಿನದ ಕೂಸು ಮಂಕಾಗಿ ಹಾಲು ಬಿಟ್ಟರೆ ಮೊದಲ ಗುಮಾನಿ ಸೋಂಕಿನ ಮೇಲೆ, ಆಂಟಿಬಯಾಟಿಕ್ ಹಚ್ಚುತ್ತಾರೆ. ತಪ್ಪಲ್ಲ, ಹತ್ತರಲ್ಲಿ ಒಂಬತ್ತು ಕಡೆ ಸೋಂಕೇ ಇರಬಹುದು. ಅದರ ಜೊತೆಗೇ ಒಂದು ಅಮೋನಿಯಾ ಪರೀಕ್ಷೆ ಆಗದೆ ಹೋದರೆ, ಮೂರನೇ ದಿನ ಮಗು ತೀರಿಕೊಂಡಾಗ ಕಾಗದದ ಮೇಲೆ 'ನಂಜು' ಎಂದೇ ಉಳಿಯುತ್ತದೆ, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬರುವ ನಾಲ್ಕರಲ್ಲೊಂದು ಅಪಾಯ ಮುಂದಿನ ಬಸಿರಿಗೂ ಕಾದಿರುತ್ತದೆ. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಎಲ್ಲ ಶಿಶುಗಳನ್ನೂ ಪರೀಕ್ಷಿಸುವ ಕಡ್ಡಾಯ ವ್ಯವಸ್ಥೆ ದೇಶದಲ್ಲಿ ಇನ್ನೂ ಇಲ್ಲ. ಇದ್ದರೂ ಸಿಪಿಎಸ್-1ರ ಮಟ್ಟಿಗೆ ಅದು ಸಾಲದು, ಆ ವರದಿ ಬರುವ ಮುನ್ನವೇ ಮಗು ಕೋಮಾಕ್ಕೆ ಜಾರಿರುತ್ತದೆ. ಬೇಕಾಗಿರುವುದು ಹಾಸಿಗೆಯ ಪಕ್ಕದ ಪರೀಕ್ಷೆ.

ಅಮೋನಿಯಾ ಪರೀಕ್ಷೆ ಕ್ರಿಸ್ಪರ್‌ನಂತೆ ಬೆರಗಿನದಲ್ಲ, ಆದರೆ ಒಂದು ಪೇಚು ಇದೆ. ರಕ್ತ ತೆಗೆದ ಕೂಡಲೇ ಟ್ಯೂಬನ್ನು ಮಂಜುಗಡ್ಡೆಯಲ್ಲಿ ಹೂತು, ನಿಮಿಷಗಳ ಲೆಕ್ಕದಲ್ಲಿ ಪ್ರಯೋಗಾಲಯಕ್ಕೆ ಒಯ್ಯಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು, ಜಿಲ್ಲಾ ಕೇಂದ್ರಕ್ಕೆ ಹೋಗುವ ಆಂಬುಲೆನ್ಸ್‌ನಲ್ಲಿಟ್ಟು ಎರಡು ಗಂಟೆಯ ದಾರಿಗೆ ಕಳಿಸಿದರೆ ಬರುವ ಸಂಖ್ಯೆಯನ್ನು ಯಾವ ವೈದ್ಯರೂ ನಂಬುವುದಿಲ್ಲ. ದೇಹದಿಂದ ಹೊರಬಂದ ಮಾತ್ರಕ್ಕೆ ರಕ್ತದೊಳಗಿನ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ. ಬೆಚ್ಚಗಿನ ಟ್ಯೂಬಿನಲ್ಲಿ ಅವು ಅಲ್ಲಿರುವ ಸಾರಜನಕದ ಸಂಯುಕ್ತಗಳನ್ನು ಒಂದೊಂದಾಗಿ ಒಡೆಯುತ್ತ ಹೋಗುತ್ತವೆ, ಆರೋಗ್ಯವಂತ ಮಗುವಿನ ರಕ್ತದಲ್ಲೂ ಅಮೋನಿಯಾ ಏರುತ್ತ ಹೋಗುತ್ತದೆ, ರಾತ್ರಿಯಿಡೀ ಚಪ್ಪಡಿಯ ಸಂದಿಯಲ್ಲಿ ನಿಂತ ಗಂಜಲದಲ್ಲಿ ಏರಿದ ಹಾಗೆ.